ಮೊದಲು ಇಳಿಯೋದು ಕಲಿಸಿ, ಆಮೇಲೆ ಹತ್ತಿಸಿ

ಐದನೇ ಕ್ಲಾಸಿನ ಮಗುವನ್ನ ಒಂಟಿಯಾಗಿ ಬಸ್ಸಲ್ಲಿ ಸ್ಕೂಲಿಗೆ ಕಳಿಸಬಹುದಾ ಅಂತ ಕೇಳೋರು ನಮ್ಮ ಊರಲ್ಲಿ ನನ್ನ ಹತ್ತಿರಾನೇ ಬರುತ್ತಾರೆ. ನಾನು ಕೆಎಸ್‌ಆರ್‌ಟಿಸಿಯಲ್ಲಿ ಕಂಡಕ್ಟರಾಗಿದ್ದು ನಿವೃತ್ತಿಯಾದವನು. ನನ್ನ ಮೊಮ್ಮಗಳೂ ಈಗ ಹುಣಸೂರಿಗೆ ಒಬ್ಬಳೇ ಹೋಗಿ ಬರುತ್ತಾಳೆ. ನಮ್ಮದು ಮೈಸೂರು-ಹುಣಸೂರು ರಸ್ತೆಯ ಇಲವಾಲಕ್ಕೂ ಬಿಳಿಕೆರೆಗೂ ನಡುವೆ, ಹೆದ್ದಾರಿಯಿಂದ ಒಳಕ್ಕಿರುವ ಊರು. ಹೊಗೆಸೊಪ್ಪಿನ ಸೀಮೆ. ಸೊಪ್ಪು ಬೇಯಿಸಿ ಒಣಗಿಸುವ ಬ್ಯಾರನ್ನಿನ ಒಲೆಗೆ ಬೆಂಕಿ ಹಾಕಿದ ಮೇಲೆ ಹಗಲೂ ರಾತ್ರಿ ಅದರ ಮುಂದೆ ಜನ ಇರಲೇಬೇಕು. ಮಗನೂ ಸೊಸೆಯೂ ಅಲ್ಲಿಂದ ಕದಲೋ ಹಾಗಿಲ್ಲ. ಹಾಗಾಗಿ ಮಗು ಕಲಿಯಲೇಬೇಕಾಯಿತು. ಏನೇನು ಕಲಿಸಿದೆವೋ ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ವಯಸ್ಸು ಎಷ್ಟಾಗಿರಬೇಕು ಅಂತ ಎಲ್ಲರೂ ಮೊದಲು ಕೇಳುತ್ತಾರೆ. ಸಣ್ಣ ಮಕ್ಕಳಿಗೆ ದೂರದಿಂದ ಬರುವ ಗಾಡಿಯ ವೇಗ ಅಂದಾಜಾಗುವುದಿಲ್ಲ. ಗಾಡಿ ಕಾಣಿಸುತ್ತೆ, ಎಷ್ಟು ಬೇಗ ಬರುತ್ತೆ ಅನ್ನೋದು ಗೊತ್ತಾಗುವುದಿಲ್ಲ. ಹೆದ್ದಾರಿ ದಾಟಬೇಕಾದ ಕಡೆ ಒಂಬತ್ತು ಹತ್ತು ತುಂಬುವ ತನಕ ನಾನಂತೂ ಒಪ್ಪುವುದಿಲ್ಲ. ವಯಸ್ಸಿನ ಜೊತೆಗೆ ಇನ್ನೂ ಮೂರು ನೋಡುತ್ತೇನೆ. ಚಲಿಸುತ್ತಿರುವ ಬಸ್ಸಿನ ಬೋರ್ಡು ಓದುತ್ತಾಳಾ? ಗುರುತಿಲ್ಲದ ದೊಡ್ಡವರನ್ನ ಗಟ್ಟಿ ದನಿಯಲ್ಲಿ ಕೇಳುತ್ತಾಳಾ? ಗಾಬರಿಯಲ್ಲೂ ಮನೆಯ ಎರಡು ಫೋನ್ ನಂಬರು ಬಾಯಿಗೆ ಬರುತ್ತಾ? ಈ ಮೂರನೆಯದನ್ನ ಮನೆಯ ಪಡಸಾಲೆಯಲ್ಲಿ ಕೇಳಬೇಡಿ. ಸಂತೆಗೆ ಕರೆದುಕೊಂಡು ಹೋಗಿ, ಗದ್ದಲದ ನಡುವೆ ನಿಲ್ಲಿಸಿ ಕೇಳಿ.

ಇನ್ನು ಮುಖ್ಯವಾದ ವಿಷಯ. ಅಪ್ಪ ಅಮ್ಮಂದಿರಿಗೆ ಭಯವೆಲ್ಲ ಬಸ್ಸಿನ ಒಳಗಿನದು: ಮಗು ನಿದ್ದೆ ಮಾಡಿಬಿಟ್ಟರೆ? ಸ್ಟಾಪು ತಪ್ಪಿದರೆ? ಬಸ್ಸಿನ ಒಳಗೆ ಮಗು ಐವತ್ತು ಜನರ ಕಣ್ಣ ಮುಂದೆ ಇರುತ್ತೆ, ಒಬ್ಬರಲ್ಲ ಒಬ್ಬರು ವಿಚಾರಿಸುತ್ತಾರೆ. ಅಪಾಯ ಇರೋದು ಇಳಿದ ಮೇಲಿನ ಹತ್ತು ಹೆಜ್ಜೆಯಲ್ಲಿ. ಇಳಿದ ಮಗು ಬಸ್ಸಿನ ಮೂತಿಯ ಮುಂದೆ ಹಾದು ಆಚೆ ಬದಿಗೆ ಓಡುತ್ತೆ. ಡ್ರೈವರ್‌ಗೆ ಅದು ಕಾಣುವುದಿಲ್ಲ. ನಿಂತ ಬಸ್ಸನ್ನ ಓವರ್‌ಟೇಕ್ ಮಾಡುವ ಬೈಕಿನವನಿಗೂ ಕಾಣುವುದಿಲ್ಲ.

ಬಾಯಲ್ಲಿ ಹೇಳಿದರೆ ಮಕ್ಕಳು ತಲೆ ಆಡಿಸುತ್ತವೆ, ಅಷ್ಟೇ. ಕಣ್ಣಿಗೆ ತೋರಿಸಬೇಕು. ನಮ್ಮ ಊರಲ್ಲಿ ರಾತ್ರಿ ತಂಗುವ ಬಸ್ಸೊಂದಿದೆ. ಬೆಳಿಗ್ಗೆ ಹೊರಡುವ ಮುಂಚೆ, ಇಂಜಿನ್ ಆಫ್ ಇದ್ದಾಗ, ಡ್ರೈವರನ್ನ ಕೇಳಿಕೊಂಡು ಮೊಮ್ಮಗಳನ್ನ ಅವರ ಸೀಟಿನಲ್ಲಿ ಕೂರಿಸಿದೆ. ಅವಳ ತಮ್ಮನನ್ನ ಬಂಪರಿಗೆ ಅಂಟಿಕೊಂಡ ಹಾಗೆ ಮುಂದೆ ನಿಲ್ಲಿಸಿದೆ. "ತಮ್ಮ ಎಲ್ಲಿ, ಹೇಳು" ಅಂದೆ. ಕತ್ತು ಚಾಚಿದಳು, ಎದ್ದು ನಿಂತಳು, ಕೊನೆಗೆ "ಮನೆಗೆ ಹೋದನಾ?" ಅಂದಳು. ಆಮೇಲೆ ಅವನನ್ನ ಎಡಗಡೆ ಹಿಂದಿನ ಚಕ್ರದ ಹತ್ತಿರ ನಿಲ್ಲಿಸಿ ಇನ್ನೊಂದು ವಿಷಯ ಹೇಳಿದೆ: ಬಸ್ಸು ಎಡಕ್ಕೆ ತಿರುಗುವಾಗ ಹಿಂದಿನ ಚಕ್ರ ಮುಂದಿನ ಚಕ್ರದ ಜಾಡಲ್ಲೇ ಬರುವುದಿಲ್ಲ, ಒಳಕ್ಕೆ ಕತ್ತರಿಸಿಕೊಂಡು ಬರುತ್ತೆ. ಬಸ್ ಸ್ಟ್ಯಾಂಡಿನ ತಿರುವಿನಲ್ಲಿ ಅಂಚಿಗೆ ನಿಂತವರ ಕಾಲಿಗೆ ಬರುವುದು ಅದೇ ಚಕ್ರ. ನಿಮಗೆ ಇಂಥ ಬಸ್ಸು ಸಿಗದಿದ್ದರೆ ನಿಂತ ಲಾರಿಯೂ ಆದೀತು.

ಇದಾದ ಮೇಲೆ ಒಂದೇ ನಿಯಮ: ಇಳಿದ ಬಸ್ಸು ಕಣ್ಣಿಗೆ ಮರೆಯಾಗುವ ತನಕ ರಸ್ತೆ ದಾಟುವಂತಿಲ್ಲ. ಮುಂದಿನಿಂದಲೂ ಇಲ್ಲ, ಹಿಂದಿನಿಂದಲೂ ಇಲ್ಲ. ಮಣ್ಣಿನ ಬದಿಗೆ ಸರಿದು ನಿಲ್ಲಬೇಕು, ಬಸ್ಸು ಹೋಗಬೇಕು, ಆಮೇಲೆ ಬಲಕ್ಕೆ, ಎಡಕ್ಕೆ, ಮತ್ತೆ ಬಲಕ್ಕೆ ನೋಡಬೇಕು. ಆಚೆ ಬದಿಯಲ್ಲಿ ತಾತ ನಿಂತು ಕೈ ಬೀಸಿದರೂ ಸರಿಯೇ. ಅಸಲಿಗೆ ಕೈ ಬೀಸಲೇಬಾರದು. ಮಗುವನ್ನ ಕರೆಯಲು ಬಂದ ನಾವೇ ಆಚೆಯಿಂದ "ಬಾ ಬಾ" ಅಂತ ಕೂಗಿ ಓಡಿಸುತ್ತೇವೆ. ಎದುರುಗೊಳ್ಳಲು ಹೋಗುವವರು ಮಗು ಇಳಿಯುವ ಬದಿಯಲ್ಲೇ ನಿಲ್ಲಬೇಕು.

ನಿಮ್ಮ ಸ್ಟಾಪಿನಲ್ಲಿ ದಾಟುವುದು ಬೆಳಿಗ್ಗೆಯೋ ಸಂಜೆಯೋ ಅಂತ ಮೊದಲು ನೋಡಿಕೊಳ್ಳಿ. ಹುಣಸೂರಿನ ಕಡೆ ಹೋಗುವಾಗ ನಮ್ಮ ಊರು ಹೆದ್ದಾರಿಯ ಎಡಕ್ಕೆ ಬೀಳುತ್ತೆ. ಹುಣಸೂರಿಗೆ ಹೋಗುವ ಬಸ್ಸು ನಮ್ಮ ಬದಿಗೇ ನಿಲ್ಲುತ್ತೆ. ವಾಪಸ್ ಬರುವಾಗ ಇಳಿಸೋದು ಆಚೆ ಬದಿಗೆ. ಅಂದರೆ ಹೋಗುವುದು ಸುಲಭ, ಬರುವುದು ಕಷ್ಟ. ಅದಕ್ಕೇ ಬೆಳಗಿನ ಪ್ರಯಾಣವನ್ನ ಮೊದಲು ಬಿಟ್ಟುಕೊಟ್ಟೆವು. ಸಂಜೆ ಮಾತ್ರ ಬಹಳ ದಿನ ನಾನೇ ಗೇಟಿಗೆ, ಅಂದರೆ ಊರಿನ ದಾರಿ ಹೆದ್ದಾರಿಗೆ ಸೇರುವ ಕಡೆಯ ಸ್ಟಾಪಿಗೆ, ಹೋಗುತ್ತಿದ್ದೆ. ಊರಿನ ತುಂಬ ಜನ ಇದನ್ನ ತಲೆಕೆಳಗು ಮಾಡುತ್ತಾರೆ: ಬೆಳಿಗ್ಗೆ ಟಾಟಾ ಮಾಡಿ ಹತ್ತಿಸುತ್ತಾರೆ, ಸಂಜೆ "ಬರ್ತಾಳೆ ಬಿಡು" ಅಂತ ಸುಮ್ಮನಿರುತ್ತಾರೆ.

ಇನ್ನು ಬಸ್ಸು ಗುರುತಿಸುವುದು. ಬಿಳಿಕೆರೆಯಲ್ಲಿ ರಸ್ತೆ ಕವಲೊಡೆಯುತ್ತೆ. ಒಂದು ನೆಟ್ಟಗೆ ಹುಣಸೂರು, ಪಿರಿಯಾಪಟ್ಟಣ, ಮಡಿಕೇರಿ ಕಡೆಗೆ, ಇನ್ನೊಂದು ಕೆ.ಆರ್. ನಗರ, ಹೊಳೆನರಸೀಪುರ, ಹಾಸನದ ಕಡೆಗೆ. ನಮ್ಮ ಗೇಟಿಗೆ ಎರಡೂ ಕಡೆಯ ಬಸ್ಸು ಬರುತ್ತವೆ, ಎರಡೂ ಕೆಂಪು. ಬೋರ್ಡು ಓದು, ಆದರೂ ಹತ್ತುವ ಮುಂಚೆ "ಹುಣಸೂರಾ ಅಣ್ಣ?" ಅಂತ ಕೇಳು ಅಂತ ಕಲಿಸಿದೆ. ಹಿಂದಿನ ಟ್ರಿಪ್ಪಿನ ಬೋರ್ಡು ಬದಲಾಯಿಸದೆ ಬರುವ ಬಸ್ಸುಗಳೂ ಉಂಟು, ನಮ್ಮ ಇಲಾಖೆಯ ಗುಟ್ಟು ಇದು. ತಪ್ಪು ಬಸ್ಸು ಹತ್ತಿದ್ದು ಗೊತ್ತಾದರೆ ಗಾಬರಿಯಲ್ಲಿ ಎಲ್ಲೋ ಇಳಿಯಕೂಡದು. ಕಂಡಕ್ಟರ್‌ಗೆ ಹೇಳಬೇಕು, ಅವನು ಇಳಿ ಅಂದ ಕಡೆ ಮಾತ್ರ ಇಳಿಯಬೇಕು. ಎದುರಿಗೆ ಬರುವ ಬಸ್ಸನ್ನ ಕೈ ಮಾಡಿ ನಿಲ್ಲಿಸಿ, "ಈ ಮಗೂನ ಇಂಥಲ್ಲಿ ಇಳಿಸಪ್ಪ" ಅಂತ ಒಪ್ಪಿಸುವುದು ನಮ್ಮಲ್ಲಿ ಹಳೇ ಪದ್ಧತಿ. ನಿದ್ದೆ ಹತ್ತಿ ಸ್ಟಾಪು ದಾಟಿದರೂ ಮಾಡಬೇಕಾದ್ದು ಇದೇ.

2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಸರ್ಕಾರಿ ಬಸ್ಸಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿಗೆ ದುಡ್ಡಿಲ್ಲ. ಹಾಗಂತ ಮಗು ಸುಮ್ಮನೆ ಮೂಲೆಯಲ್ಲಿ ನಿಲ್ಲಬಾರದು. ಶೂನ್ಯ ಟಿಕೆಟ್ ಕೇಳಿ ಪಡೆಯಲಿ. ಟಿಕೆಟ್ ಕೊಡುವಾಗಲೇ ಕಂಡಕ್ಟರ್ ಮುಖ ನೋಡುವುದು, ಎಲ್ಲಿ ಇಳಿಯುತ್ತೆ ಅಂತ ನೆನಪಿಟ್ಟುಕೊಳ್ಳುವುದು. ಗಂಡುಮಕ್ಕಳಾದರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ವಿದ್ಯಾರ್ಥಿ ಪಾಸಿಗೆ ಅರ್ಜಿ ಹಾಕಿ. ಪಾಸನ್ನ ದಾರ ಹಾಕಿ ಬ್ಯಾಗಿನ ಒಳಗಿನ ಜಿಪ್ಪಿಗೆ ಕಟ್ಟಿ, ಇಲ್ಲದಿದ್ದರೆ ಒಂದೇ ವಾರಕ್ಕೆ ಕಳೆಯುತ್ತೆ.

ಸೀಟು ಸಿಕ್ಕರೆ ಮುಂದಿನ ಹೆಂಗಸರ ಸೀಟು ಒಳ್ಳೆಯದು, ಕೊನೇ ಸೀಟು ಬೇಡ. ಸಿಗದಿದ್ದರೆ ಬಾಗಿಲಿಂದ ದೂರ, ಬಸ್ಸಿನ ನಡುವೆ. ಹತ್ತು ವರ್ಷದ ಮಗುವಿನ ಗಲ್ಲ ಸರಿಯಾಗಿ ಸೀಟಿನ ಹಿಂದಿನ ಕಂಬಿಯ ಮಟ್ಟಕ್ಕೆ ಬರುತ್ತೆ. ಬ್ರೇಕ್ ಹಾಕಿದಾಗ ಹಲ್ಲು ಮುರಿದುಕೊಂಡ ಮಕ್ಕಳನ್ನ ನೋಡಿದ್ದೇನೆ. ಕಂಬಿ ಹಿಡಿದು ಓರೆಯಾಗಿ ನಿಲ್ಲಬೇಕು, ಮುಖ ಕಂಬಿಗೆ ಎದುರಾಗಿರಬಾರದು. ಇಳಿಯುವ ಸ್ಟಾಪಿಗೆ ಮುಂಚೆಯೇ ಬೆನ್ನಿನ ಬ್ಯಾಗನ್ನ ತೆಗೆದು ಎದೆಗೆ ಹಾಕಿಕೊಳ್ಳಲಿ. ಬ್ಯಾಗಿನ ಪಟ್ಟಿ ಬಾಗಿಲ ಹಿಡಿಕೆಗೆ ಸಿಕ್ಕಿಕೊಂಡರೆ ಬಸ್ಸು ಎಳೆದುಕೊಂಡು ಹೋಗುತ್ತೆ. ಸೀಟಿಯ ಲೆಕ್ಕವೂ ಗೊತ್ತಿರಲಿ: ಒಂದು ಸೀಟಿ ನಿಲ್ಲಿಸು, ಎರಡು ಸೀಟಿ ಹೊರಡು. ಇಳಿಯುವ ಮುಂಚೆ ಎರಡು ಸೀಟಿ ಬಿದ್ದರೆ ಕಾಲು ಹೊರಗೆ ಇಡದೆ "ಹೋಲ್ಡಾನ್" ಅಂತ ಕಿರುಚಬೇಕು. ಈ ಕಿರುಚುವುದನ್ನ ಹೊಲದಲ್ಲಿ ಅಭ್ಯಾಸ ಮಾಡಿಸಿದೆ. ನಮ್ಮ ಸೊಸೆ, "ಹೆಣ್ಣು ಮಗೂಗೆ ಇದೇನು ಮಾವ" ಅಂದಳು. ಗಟ್ಟಿ ದನಿ ಬೇಕಾಗುವುದು ಇಳಿಯುವುದಕ್ಕೆ ಮಾತ್ರ ಅಲ್ಲ ಅಂತ ಹೇಳಿದೆ. ಅವಳಿಗೆ ಅರ್ಥವಾಯಿತು. ರಷ್ಷಿನಲ್ಲಿ ಯಾರಾದರೂ ಮೈಮೇಲೆ ಕೈ ಹಾಕಿದರೆ, ಒತ್ತಿ ನಿಂತರೆ, ನಾಚಿಕೆ ಬಿಟ್ಟು "ಕಂಡಕ್ಟರಣ್ಣಾ" ಅಂತ ಕೂಗಬೇಕು. ಕೂಗಿದ್ದಕ್ಕೆ ಮನೆಯಲ್ಲಿ ಯಾರೂ ಬೈಯುವುದಿಲ್ಲ ಅಂತ ಮಗುವಿಗೆ ನೀವೇ ಬಾಯಿಬಿಟ್ಟು ಹೇಳಿರಬೇಕು. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112, ಎರಡನ್ನೂ ಬಾಯಿಪಾಠ ಮಾಡಿಸಿ. ಮನೆ ನಂಬರು ನೋಟ್‌ಬುಕ್ಕಿನ ಒಳಗೆ ಇರಲಿ. ಬ್ಯಾಗಿನ ಹೊರಗೆ ಹೆಸರು, ನಂಬರು ಎರಡನ್ನೂ ದಪ್ಪಗೆ ಬರೆದರೆ ಗುರುತಿಲ್ಲದವನೂ ಹೆಸರು ಹಿಡಿದು ಕರೆಯಬಹುದು.

ಹಳ್ಳಿಯಲ್ಲಿ ಎಲ್ಲಕ್ಕಿಂತ ತೊಡಕಿನದು ಲಿಫ್ಟು. "ಬಾ ಮಗ, ಬಿಡ್ತೀನಿ" ಅಂತ ಬೈಕ್ ನಿಲ್ಲಿಸುವವರು ದೊಡ್ಡಪ್ಪನೋ ಮಾವನೋ ಆಗಿರುತ್ತಾರೆ. ಬೇಡ ಅಂದರೆ ಮುನಿಸು. ನಾವು ಯಾರ ಜೊತೆ ಹೋಗಬಹುದು ಅಂತ ಮೂರು ಹೆಸರು ಹೇಳಿದ್ದೇವೆ, ನಾಲ್ಕನೆಯವರು ಯಾರೇ ಆದರೂ ಇಲ್ಲ. ಇದನ್ನ ಅರಳಿಕಟ್ಟೆಯಲ್ಲಿ ನಾನೇ ಮೊದಲು ಎಲ್ಲರಿಗೂ ಸಾರಿಬಿಟ್ಟೆ, ಮಗುವಿನ ಮೇಲೆ ಯಾರೂ ಬೇಜಾರಾಗದಿರಲಿ ಅಂತ.

ಬಿಡುವುದನ್ನ ಹಂತ ಹಂತವಾಗಿ ಮಾಡಿ. ಮೊದಲು ಪಕ್ಕದಲ್ಲಿ ಕೂತು ಹೋದೆ. ಆಮೇಲೆ ಅದೇ ಬಸ್ಸಿನ ಹಿಂದಿನ ಸೀಟಿನಲ್ಲಿ, ಗುರುತೇ ಇಲ್ಲದವನ ಹಾಗೆ. ಕೇಳುವುದು, ಟಿಕೆಟ್ ತೆಗೆಯುವುದು, ಇಳಿಯುವುದು ಎಲ್ಲ ಅವಳದೇ. ನಡುವೆ ಬಾಯಿ ಹಾಕಬಾರದು, ಅದು ನನಗೆ ಬಹಳ ಕಷ್ಟದ ಕೆಲಸ. ಮೂರನೇ ಹಂತದಲ್ಲಿ ನಾನು ಅವಳ ಬಸ್ಸಿನ ಹಿಂದೆ ಬಂದ ಬಸ್ಸಿನಲ್ಲಿ ಹೋಗಿ ಹುಣಸೂರು ಸ್ಟ್ಯಾಂಡಿನಲ್ಲಿ ನೋಡಿಕೊಂಡು ಬಂದೆ. ಅದೇ ಬಸ್ಸಿಗೆ ಬರುವ ನಮ್ಮೂರ ಹೆಂಗಸರಿಗೂ, ಗೇಟಿನ ಟೀ ಅಂಗಡಿಯವರಿಗೂ, ಸ್ಟ್ಯಾಂಡಿನಲ್ಲಿ ಹೂವು ಮಾರುವ ಅಮ್ಮನಿಗೂ ಅವಳ ಪರಿಚಯ ಮಾಡಿಸಿದೆ. ಒಬ್ಬ ಕಂಡಕ್ಟರನ್ನೇ ನಂಬಿಕೊಳ್ಳಬೇಡಿ, ಡ್ಯೂಟಿ ಬದಲಾಗುತ್ತಲೇ ಇರುತ್ತೆ. ಕ್ಲಾಸ್ ಟೀಚರಿಗೆ ಒಂದು ಚೀಟಿ ಬರೆದು ಕೊಡಿ: ಪ್ರಾರ್ಥನೆ ಹೊತ್ತಿಗೆ ಮಗು ಬರದಿದ್ದರೆ ಈ ನಂಬರಿಗೆ ಫೋನ್ ಮಾಡಿ ಅಂತ.

ಬಸ್ಸು ಬರದಿದ್ದರೆ ಎಷ್ಟು ಹೊತ್ತು ಕಾಯಬೇಕು ಅನ್ನುವುದನ್ನೂ ಹೇಳಿರಬೇಕು. ಹುಣಸೂರಿನ ಎರಡು ಬಸ್ಸು ನಿಲ್ಲಿಸದೆ ಹೋದರೆ ಟೀ ಅಂಗಡಿಯಿಂದ ಮನೆಗೆ ಫೋನು, ಆಮೇಲೆ ನಾವು ನೋಡಿಕೊಳ್ಳುತ್ತೇವೆ. ಸ್ಕೂಲು ತಪ್ಪಿದರೆ ತಪ್ಪಲಿ. ಮಳೆಗಾಲಕ್ಕೆ ಕೊಡೆ ಬೇಡ, ಎದ್ದು ಕಾಣುವ ಬಣ್ಣದ ರೇನ್‌ಕೋಟು ಕೊಡಿಸಿ. ಕೊಡೆ ಹಿಡಿದ ಮಗುವಿಗೆ ಬಲಗಡೆಯ ಗಾಡಿ ಕಾಣುವುದಿಲ್ಲ.

ದಸರಾ ರಜೆ, ಬೇಸಿಗೆ ರಜೆ ಮುಗಿದ ಮೊದಲ ದಿನ ಮಾತ್ರ ನೀವೂ ಜೊತೆಗೆ ಹತ್ತಿ. ಆ ಹೊತ್ತಿಗೆ ಡಿಪೋದವರು ಬಸ್ಸಿನ ಸಮಯ ಬದಲಿಸಿರಬಹುದು, ರಸ್ತೆ ಅಗೆದು ಸ್ಟಾಪನ್ನೇ ಮುಂದಕ್ಕೆ ಹಾಕಿರಬಹುದು. ಹೊಸ ಸ್ಟಾಪು ದಾಟುವ ಬದಿಗೆ ಬಂದಿದ್ದರೆ ದಾಟುವ ಅಭ್ಯಾಸವನ್ನ ಮೊದಲಿಂದ ಮಾಡಿಸಿ.