ಹುಡ್ ಕೆನಾಲ್‌ಗೆ ಆಯ್ಸ್ಟರ್ ಆರಿಸಲು ಹೊರಟವರಿಗೆ

ಹುಡ್ ಕೆನಾಲ್ ಅಂದ್ರೆ ಸಿಯಾಟಲ್ ಹತ್ತಿರದ ಸಮುದ್ರದ ಕವಲು, ಆಯ್ಸ್ಟರ್ ಅಂದ್ರೆ ಅಡುಗೆಗೆ ಬಳಸುವ ಸಿಂಪಿ. ಸಿಯಾಟಲ್ ಕಡೆ ಹೊಸದಾಗಿ ಬಂದವರು ಮೊದಲ ಸಲ ಮಾಡುವ ತಪ್ಪು ಒಂದೇ, ಚಿಪ್ಪು ಸಮೇತ ಬಕೆಟ್ ತುಂಬಿಕೊಂಡು ಕಾರು ಹತ್ತುವುದು. ನಾನೂ ಹಾಗೇ ಹೊರಟಿದ್ದೆ, ಪಕ್ಕದಲ್ಲಿದ್ದ ಅಜ್ಜ ಒಬ್ಬರು ತಡೆದರು. ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ಬೀಚ್‌ಗಳಲ್ಲಿ ಆಯ್ಸ್ಟರನ್ನು ಅಲ್ಲೇ ಬಿಡಿಸಿ, ಮಾಂಸ ಮಾತ್ರ ಡಬ್ಬಿಗೆ ಹಾಕಿಕೊಂಡು, ಚಿಪ್ಪನ್ನು ಎಲ್ಲಿ ಸಿಕ್ಕಿತೋ ದಡದಲ್ಲಿ ಹೆಚ್ಚುಕಡಿಮೆ ಅದೇ ಮಟ್ಟದಲ್ಲಿ ಬಿಡಬೇಕು, ಯಾಕಂದ್ರೆ ಮರಿಗಳು ಅಂಟಿಕೊಂಡು ಬೆಳೆಯುವುದು ಆ ಹಳೇ ಚಿಪ್ಪುಗಳ ಮೇಲೇ.

ಒಬ್ಬರಿಗೆ ದಿನಕ್ಕೆ 18, ಎರಡೂವರೆ ಇಂಚಿಗಿಂತ ಚಿಕ್ಕದು ಬೇಡ. 15 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು. ಡಬ್ಬಿಯೂ ಒಬ್ಬೊಬ್ಬರಿಗೆ ಬೇರೆ.

ಹೊರಡುವ ದಿನವೇ, ಯಾವ ಬೀಚ್‌ನಲ್ಲಿ ಆರಿಸಿದರೆ ಅಪಾಯವಿಲ್ಲ ಅಂತ ತೋರಿಸುವ ಆರೋಗ್ಯ ಇಲಾಖೆಯ ಮ್ಯಾಪ್ ನೋಡಿ, ನಿನ್ನೆ ನೋಡಿದ್ದು ಸಾಲದು. ನೀರಿನ ಪಾಚಿಯಿಂದ ಬರುವ ವಿಷ ಎಷ್ಟು ಬೇಯಿಸಿದರೂ ಹೋಗುವುದಿಲ್ಲ, ರುಚಿ ನೋಡಿಯೂ ಗೊತ್ತಾಗುವುದಿಲ್ಲ. ಬೇಸಿಗೆಯಲ್ಲಿ ವಿಬ್ರಿಯೋ ಬ್ಯಾಕ್ಟೀರಿಯಾ ಕಾಟ ಬೇರೆ, ಅದು ಮಾತ್ರ ಚೆನ್ನಾಗಿ ಬೇಯಿಸಿದರೆ ಸಾಯುತ್ತದೆ. ಹಾಗಾಗಿ ನಿಂಬೆ ಹಿಂಡಿ ಹಸಿ ನುಂಗುವ ಶೋಕಿ ಆಗ ಬೇಡ. ನೀರು ಇಳಿಯುತ್ತಿರುವಾಗಲೇ ಆರಿಸಿ, ಬಿಸಿಲಿಗೆ ಗಂಟೆಗಟ್ಟಲೆ ಬಿದ್ದಿರುವುದನ್ನು ಮುಟ್ಟಬೇಡಿ, ಐಸ್ ಪೆಟ್ಟಿಗೆ ಮರೆಯಬೇಡಿ.

ದಪ್ಪ ಗ್ಲೌಸ್ ಹಾಕಲೇಬೇಕು, ಅಂಚು ಬ್ಲೇಡ್ ಇದ್ದ ಹಾಗಿರುತ್ತದೆ. ಅಡುಗೆಮನೆಯ ಚಾಕು ತರಬೇಡಿ, ಮೊಂಡು ತುದಿಯ ಆಯ್ಸ್ಟರ್ ಚಾಕುವನ್ನು ಚಿಪ್ಪಿನ ಕೀಲಿಗೆ ಒತ್ತಿ ಸುಮ್ನೆ ತಿರುಗಿಸಿ. ಮನೆಗೆ ಬಂದ ಮೇಲೆ ಕಾಯಿ ಹಾಕಿ ಸುಕ್ಕ!