ಬರಗಾಲದಲ್ಲಿ ಹೊಂಗೆಗೆ ಯೂರಿಯಾ ಹಾಕಿ ಕೆಟ್ಟೆ

ನಮ್ಮೂರು ತುಮಕೂರು ಜಿಲ್ಲೆಯ ಶಿರಾ ಕಡೆ. ಮನೆ ಮುಂದೆ ಎರಡು ಹೊಂಗೆ ಮರ, ಹಿತ್ತಲಲ್ಲಿ ಒಂದು ಹುಣಸೆ. ಮೂರನ್ನೂ ನೆಟ್ಟಿದ್ದು ನಮ್ಮ ತಾತ. ಬೇಸಿಗೆಯಲ್ಲಿ ಮಧ್ಯಾಹ್ನದ ಊಟ ಆದಮೇಲೆ ಮನೆಯವರೆಲ್ಲ ಹೊಂಗೆ ಕೆಳಗೇ ಇರುತ್ತೇವೆ. ಒಳಗೆ ಶೀಟಿನ ಮನೆ, ಕಾದ ಹಂಚಿನ ಹಾಗೆ.

2023ರಲ್ಲಿ ಮಳೆ ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದ ವರ್ಷ ಅದು. ಹೊಲದ ರಾಗಿ ಹೋಯಿತು ಅಂತ ಅತ್ತೆವು. ಮರದ ಕಡೆ ಯಾರೂ ತಲೆ ಎತ್ತಿ ನೋಡಲಿಲ್ಲ. ದೊಡ್ಡ ಮರ, ಬೇರು ಪಾತಾಳಕ್ಕೆ ಹೋಗಿರುತ್ತೆ, ಅದಕ್ಕೇನಾಗುತ್ತೆ ಅನ್ನೋ ಧೈರ್ಯ.

ಮುಂದಿನ ಯುಗಾದಿ ಏಪ್ರಿಲ್ 9ಕ್ಕೆ ಬಂತು. ಯುಗಾದಿ ಹೊತ್ತಿಗೆ ಹೊಂಗೆ ಎಣ್ಣೆ ಸವರಿದ ಹಾಗೆ ಮಿರಮಿರ ಹೊಳೆಯಬೇಕು. ಆ ಸಲ ಬಂದ ಎಲೆ ಅರ್ಧ ಅಳತೆಯದು, ಬಣ್ಣವೂ ಮಾಸಲು. ನೆತ್ತಿಯ ರೆಂಬೆಗಳಲ್ಲಿ ಎಲೆಯೇ ಇಲ್ಲ, ಸವೆದ ಪೊರಕೆ ಕಡ್ಡಿಯ ಹಾಗೆ ನಿಂತಿದ್ದವು.

ಆಗ ಮಾಡಿದ್ದೇ ತಪ್ಪು. ರಾಗಿಗೆ ತಂದು ಉಳಿದಿದ್ದ ಯೂರಿಯಾ ಅಟ್ಟದ ಮೇಲಿತ್ತು. ಚಿಕ್ಕ ಹೊಂಗೆಯ ಬುಡದಿಂದ ಎರಡು ಅಡಿ ಬಿಟ್ಟು ಗುದ್ದಲಿಯಲ್ಲಿ ಸುತ್ತ ಪಾತಿ ತೆಗೆದೆ. ಅಗೆಯುವಾಗ ಬೆರಳು ಗಾತ್ರದ ಬೇರುಗಳು ಕಚಕ್ ಕಚಕ್ ಅಂತ ತುಂಡಾದವು. ಎರಡು ಕೆಜಿ ಯೂರಿಯಾ ಸುರಿದು, ಮಣ್ಣು ಮುಚ್ಚಿ, ನಾಲ್ಕು ಬಿಂದಿಗೆ ನೀರು ಹಾಕಿ ಕೈ ತೊಳೆದುಕೊಂಡೆ. ಪಕ್ಕದ ಮನೆ ತಾತ ಜಗಲಿ ಮೇಲಿಂದ ನೋಡುತ್ತಿದ್ದರು. 'ಏನಪ್ಪಾ, ಹೊಂಗೆಗೆ ಗೊಬ್ಬರ ಹಾಕ್ತಿದೀಯಾ? ಹೊಂಗೆನೇ ಗೊಬ್ಬರ ಅಲ್ವಾ?' ಅಂದರು. ನಾನು ನಕ್ಕು ಸುಮ್ಮನಾದೆ.

ಹತ್ತು ದಿನಕ್ಕೆ ಎಲೆಯ ಅಂಚು ಕಂದು ಬಣ್ಣಕ್ಕೆ ತಿರುಗಿತು. ಹಿಡಿದರೆ ಹಪ್ಪಳದ ಹಾಗೆ ಪುಡಿಪುಡಿ. ಪೂರ್ವದ ಕಡೆಯ ಒಂದು ಕೊಂಬೆ ಇದ್ದ ಎಲೆಯನ್ನೂ ಉದುರಿಸಿಬಿಟ್ಟಿತು. ಗೊಬ್ಬರ ಹಾಕದ ದೊಡ್ಡ ಹೊಂಗೆ ಮಾತ್ರ ಇದ್ದ ಹಾಗೇ ಇತ್ತು.

ಕಾರಣ ಗೊತ್ತಾಗೋಕೆ ದೊಡ್ಡ ವಿದ್ಯೆ ಬೇಕಿಲ್ಲ. ಅದೇ ವಾರ ಅಮ್ಮ ಉಪ್ಪಿನಕಾಯಿಗೆ ಮಾವಿನಕಾಯಿ ಹೆಚ್ಚಿ ಉಪ್ಪು ಬೆರೆಸಿಟ್ಟಿದ್ದಳು. ಬೆಳಗಾಗುವಷ್ಟರಲ್ಲಿ ಹೋಳು ಸುಕ್ಕಾಗಿ ಜಾಡಿ ತುಂಬ ನೀರು. ಒಣ ಮಣ್ಣಿಗೆ ಬಿದ್ದ ರಾಸಾಯನಿಕ ಗೊಬ್ಬರ ಬೇರಿಗೆ ಮಾಡುವುದೂ ಇದನ್ನೇ. ಸುತ್ತ ತೇವ ಇದ್ದರೆ ಅದು ಕರಗಿ ತೆಳುವಾಗುತ್ತದೆ. ತೇವ ಇಲ್ಲದಿದ್ದರೆ ಬೇರು ನೀರು ಎಳೆದುಕೊಳ್ಳುವುದೇ ಕಷ್ಟ, ಬೇರಿನಲ್ಲಿದ್ದದ್ದೂ ಹೊರಗೆ ಹೋಗುತ್ತದೆ. ಇನ್ನೊಂದು, ಯೂರಿಯಾದಲ್ಲಿ ಶೇಕಡಾ 46 ಸಾರಜನಕ. ಸಾರಜನಕ ಚಿಗುರು ಹೊಡೆಸುತ್ತದೆ. ಎಲೆ ಜಾಸ್ತಿ ಆದಷ್ಟೂ ನೀರು ಜಾಸ್ತಿ ಬೇಕು. ಮನೆಯಲ್ಲಿ ಹಿಟ್ಟಿಲ್ಲದಾಗ ನೆಂಟರನ್ನು ಕರೆದ ಹಾಗೆ.

ಪಕ್ಕದ ಮನೆ ತಾತ ಹೇಳಿದ್ದೂ ಬರೀ ತಮಾಷೆ ಅಲ್ಲ. ಹೊಂಗೆ ಬೇಳೆಕಾಳಿನ ಕುಟುಂಬದ ಮರ. ಬೇರಿನ ಗಂಟುಗಳಲ್ಲಿರುವ ಸೂಕ್ಷ್ಮಜೀವಿಗಳು ಗಾಳಿಯ ಸಾರಜನಕ ಹಿಡಿದು ಕೊಡುತ್ತವೆ. ನಾವೇ ಹೊಂಗೆ ಸೊಪ್ಪು ಕಡಿದು ಗದ್ದೆಗೆ ತುಳಿಯುವವರು, ಹೊಂಗೆ ಹಿಂಡಿ ತಂದು ತೋಟಕ್ಕೆ ಹಾಕುವವರು. ಅಂಥ ಮರಕ್ಕೆ ಯೂರಿಯಾ! ಹುಣಸೆಯೂ ಅದೇ ಕುಟುಂಬ, ಆದರೆ ಅದಕ್ಕೆ ಈ ಗಂಟಿನ ಭಾಗ್ಯ ಇಲ್ಲ.

ಪಾತಿಯ ಮೇಲ್ಮಣ್ಣು ಎರಡು ಬುಟ್ಟಿ ಕೆರೆದು ತೆಗೆದೆ. ಉಳಿದದ್ದು ತೆಳುವಾಗಲಿ ಅಂತ ಅಲ್ಲಿಗೆ ಚೆನ್ನಾಗಿ ನೀರು ಬಿಟ್ಟೆ. ಆಮೇಲೆ ನೀರಿನ ಲೆಕ್ಕ ಹಾಕುತ್ತಾ ಕೂತೆ. ಆ ಹೊಂಗೆಯ ಹರವು ಅಡ್ಡಲಾಗಿ 30 ಅಡಿ. ಅಷ್ಟು ಜಾಗಕ್ಕೆ ಒಂದು ಇಂಚು ನೀರು ಅಂದರೆ 1,600 ಲೀಟರ್ ಮೇಲೆ. ಬೋರ್‌ವೆಲ್ ಕುಡಿಯೋಕೇ ತೊಟ್ಟಿಕ್ಕುತ್ತಿತ್ತು. ಹಾಗಾಗಿ ಪೂರ್ತಿ ಮರಕ್ಕೆ ಕೊಡುವ ಆಸೆ ಬಿಟ್ಟೆ. ಒಂದು ಸಲಕ್ಕೆ ಕಾಲು ಭಾಗ, ಹತ್ತು ದಿನ ಬಿಟ್ಟು ಇನ್ನೊಂದು ಮಗ್ಗುಲು.

ಎಲ್ಲಿಗೆ ಕೊಡಬೇಕು ಅನ್ನುವುದರಲ್ಲೂ ನಾನು ತಪ್ಪಿದ್ದೆ. ನೀರು ಹೀರುವ ಸಣ್ಣ ಬೇರುಗಳು ಬುಡದ ಹತ್ತಿರ ಕಡಿಮೆ. ಕೊಂಬೆಯ ತುದಿ ಕೆಳಗೆ, ಅದರಾಚೆಗೂ ಇರುತ್ತವೆ. ಅದರಲ್ಲೂ ಜಾಸ್ತಿ ಇರುವುದು ಮೇಲಿನ ಒಂದೂವರೆ ಅಡಿ ಮಣ್ಣಿನಲ್ಲೇ, ಪಾತಾಳದಲ್ಲಲ್ಲ. 20 ಲೀಟರಿನ ಹಳೇ ಕ್ಯಾನ್‌ಗಳ ತಳಕ್ಕೆ ಮೊಳೆ ಕಾಯಿಸಿ ತೂತು ಮಾಡಿ, ನೆರಳಿನ ಅಂಚಿನಲ್ಲಿ ಸಾಲಾಗಿ ಇಟ್ಟೆ. ಸಂಜೆ ತುಂಬಿಸಿದರೆ ರಾತ್ರಿಯೆಲ್ಲ ಇಂಗುತ್ತಿತ್ತು. ಬೆಳಿಗ್ಗೆ ಕಬ್ಬಿಣದ ಸರಳು ಚುಚ್ಚಿ ನೋಡುತ್ತಿದ್ದೆ. ಒದ್ದೆ ಇರುವ ತನಕ ಸಲೀಸಾಗಿ ಇಳಿಯುತ್ತದೆ, ಒಣ ಮಣ್ಣು ಸಿಕ್ಕ ತಕ್ಷಣ ಟಕ್ ಅಂತ ನಿಲ್ಲುತ್ತದೆ. ಮುಕ್ಕಾಲು ಅಡಿಯಿಂದ ಒಂದು ಅಡಿ ಇಳಿದರೆ ಸಾಕು ಅಂದುಕೊಂಡೆ. ದಿನಾ ಒಂದೊಂದು ಬಿಂದಿಗೆ ಚಿಮುಕಿಸಿದರೆ ಮೇಲಿನ ಎರಡು ಇಂಚು ನೆನೆದು ಅಲ್ಲೇ ಆವಿಯಾಗುತ್ತದೆ, ಸುಮ್ನೆ ದಂಡ.

ಇನ್ನು ದೊಡ್ಡ ಜಗಳ ಆಗಿದ್ದು ತರಗೆಲೆ ವಿಚಾರಕ್ಕೆ. ಅಮ್ಮನಿಗೆ ಅಂಗಳ ಕನ್ನಡಿ ಹಾಗಿರಬೇಕು. ದಿನಾ ಬೆಳಿಗ್ಗೆ ಗುಡಿಸಿ, ಗುಡ್ಡೆ ಮಾಡಿ, ಬೆಂಕಿ. ಮೊದಲು ಇದೇ ಮರದ ಕೆಳಗೆ ನಾಲ್ಕು ದನ ಕಟ್ಟುತ್ತಿದ್ದೆವು, ಸಗಣಿ ಗಂಜಲ ಅಲ್ಲೇ ಬೀಳುತ್ತಿತ್ತು. ದನ ಮಾರಿದ ಮೇಲೆ ಅದೂ ನಿಂತಿತು, ಎಲೆಯೂ ಬೂದಿಯಾಯಿತು. ವರ್ಷಗಟ್ಟಲೆ ಮರದಿಂದ ತೆಗೆದಿದ್ದೇ, ವಾಪಸ್ ಕೊಟ್ಟಿದ್ದಿಲ್ಲ. ಕೊನೆಗೆ ಬಾಗಿಲ ಮುಂದಿನ ರಂಗೋಲಿ ಜಾಗ ಅಮ್ಮನಿಗೆ, ಉಳಿದದ್ದು ಮರಕ್ಕೆ ಅಂತ ರಾಜಿ ಆಯಿತು. ತರಗೆಲೆ, ಕಡಲೆಕಾಯಿ ಸಿಪ್ಪೆ ಸೇರಿಸಿ ಮೂರು ಇಂಚು ದಪ್ಪ ಹರಡಿದೆ. ಕಾಂಡಕ್ಕೆ ತಾಗದ ಹಾಗೆ ಅರ್ಧ ಅಡಿ ಬಯಲು ಬಿಟ್ಟೆ. ತಾಗಿದರೆ ತೊಗಟೆ ಕೊಳೆಯಬಹುದು, ಗೆದ್ದಲು ಹತ್ತಿದರೂ ಕಣ್ಣಿಗೆ ಬೀಳುವುದಿಲ್ಲ.

ಮಳೆ ಹಿಡಿದ ಮೇಲೆ ಮಣ್ಣು ಪರೀಕ್ಷೆ ಮಾಡಿಸಿದೆ. ಸಾವಯವ ಇಂಗಾಲ ಶೇಕಡಾ 0.5ಕ್ಕಿಂತ ಕಡಿಮೆ, ಅಂದರೆ ಬಡ ಮಣ್ಣು. ಪೊಟ್ಯಾಶ್‌ಗೆ ಕೊರತೆ ಇರಲಿಲ್ಲ. ಹಾಗಾಗಿ ಚೀಲದ ಗೊಬ್ಬರದ ಮಾತು ಬಿಟ್ಟೆ. ಭೂಮಿ ಚೆನ್ನಾಗಿ ನೆನೆದ ಮೇಲೆ ಹುಣಸೆಗೆ ಮಾತ್ರ ಪೂರ್ತಿ ಕಳಿತ ಕೊಟ್ಟಿಗೆ ಗೊಬ್ಬರ ಎಂಟು ಬುಟ್ಟಿ, ನೆರಳು ಬೀಳುವಷ್ಟೂ ಜಾಗಕ್ಕೆ ತೆಳುವಾಗಿ ಉದುರಿಸಿದೆ. ಅಗೆಯಲಿಲ್ಲ, ಮೇಲೆ ಎಲೆ ಮುಚ್ಚಿದೆ ಅಷ್ಟೇ. ಹೊಂಗೆಗಳಿಗೆ ಏನೂ ಹಾಕಲಿಲ್ಲ.

ಒಣ ಕೊಂಬೆ ಕಡಿಯೋಕೂ ಅವಸರ ಮಾಡಲಿಲ್ಲ. ಉಗುರಲ್ಲಿ ತೊಗಟೆ ಗೀರಿದರೆ ಒಳಗೆ ಹಸಿರು ಇದೆಯಾ ಗೊತ್ತಾಗುತ್ತದೆ. ಸತ್ತಿದೆ ಅಂದುಕೊಂಡಿದ್ದ ಎರಡು ರೆಂಬೆ ಜುಲೈನಲ್ಲಿ ಚಿಗುರಿದವು. ಯೂರಿಯಾ ಹಾಕಿದ ಚಿಕ್ಕ ಹೊಂಗೆಯ ಪೂರ್ವದ ಕೊಂಬೆ ಮಾತ್ರ ಎಲ್ಲಿ ಗೀರಿದರೂ ಕಂದು. ಮನೆ ಮಾಡಿನ ಮೇಲೆ ಬಾಗಿದ್ದರಿಂದ ಆಳು ಕರೆಸಿ ಕಡಿಸಿದೆ.

ಈಗ ದೊಡ್ಡ ಹೊಂಗೆ ಮೊದಲಿನಂತಾಗಿದೆ. ಹುಣಸೆ ಪರವಾಗಿಲ್ಲ. ಚಿಕ್ಕ ಹೊಂಗೆಯ ಪೂರ್ವದ ಕಡೆ ಕಿಂಡಿಯೊಂದು ಹಾಗೇ ಇದೆ. ಬೆಳಿಗ್ಗೆ ಒಂಬತ್ತರ ಬಿಸಿಲು ಅದರಲ್ಲಿ ತೂರಿ ನೇರ ಜಗಲಿಗೆ ಬೀಳುತ್ತದೆ. ಪಕ್ಕದ ಮನೆ ತಾತ ಬಂದರೆ ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡು, ಮೇಲೆ ನೋಡಿ, ಏನೂ ಹೇಳದೆ ಕೂರುತ್ತಾರೆ.