ಹಳೆಯ ಲ್ಯಾಪ್‌ಟಾಪ್ ರೂಟರ್‌ನಲ್ಲಿ ಯುಎಸ್‌ಬಿ ಅಡಾಪ್ಟರ್ ಕೈಕೊಟ್ಟರೆ

ಮಳೆಗಾಲದಲ್ಲಿ ಕರೆಂಟು ಬರುವುದಕ್ಕಿಂತ ಹೋಗುವುದೇ ಹೆಚ್ಚಾಗಿರುವ ನಮ್ಮ ಸಿದ್ದಾಪುರದ ಕಡೆಗೆ ಹಳೆಯ ಲ್ಯಾಪ್‌ಟಾಪಿಗಿಂತ ಒಳ್ಳೆಯ ರೂಟರ್ ಇಲ್ಲ. ಬ್ಯಾಟರಿ ಅದರೊಳಗೇ ಇದೆ, ಪರದೆ ಮತ್ತು ಕೀಲಿಮಣೆ ಜೊತೆಗೇ ಇವೆ. ಡೆಬಿಯನ್ ಎಂಬ ಲಿನಕ್ಸ್ ಹಾಕಿ ಮೂಲೆಯಲ್ಲಿಟ್ಟರೆ ಅದರ ಪಾಡಿಗೆ ಅದು ಕೆಲಸ ಮಾಡಿಕೊಂಡಿರುತ್ತದೆ. ಫೈಬರ್ ಬಂದು ಸೇರುವ ಓಎನ್‌ಟಿ ಪೆಟ್ಟಿಗೆಗೆ ಮಾತ್ರ ಪುಟ್ಟ ಯುಪಿಎಸ್ ಒಂದು ಬೇಕು. ಅದಿಲ್ಲದಿದ್ದರೆ ರೂಟರ್ ಎದ್ದು ಕೂತಿದ್ದೂ ಪ್ರಯೋಜನವಿಲ್ಲ.

ಕೊರತೆ ಒಂದೇ. ರೂಟರ್‌ಗೆ ಎರಡು ಲ್ಯಾನ್ ಪೋರ್ಟ್ ಬೇಕು, ಒಂದು ಓಎನ್‌ಟಿಗೆ, ಇನ್ನೊಂದು ಮನೆಯ ಕಡೆಗೆ; ಲ್ಯಾಪ್‌ಟಾಪಿನಲ್ಲಿ ಇರುವುದು ಒಂದು. ಎರಡನೆಯದಕ್ಕೆ ಯುಎಸ್‌ಬಿ ಅಡಾಪ್ಟರ್ ಸಿಕ್ಕಿಸುತ್ತೇವೆ. ಅಲ್ಲಿಂದ ರಗಳೆ ಶುರು: ನಡುನಡುವೆ ನೆಟ್ ಹೋಗುತ್ತದೆ, ಕಿತ್ತು ಹಾಕಿದರೆ ಬರುತ್ತದೆ, ಮತ್ತೆ ಹೋಗುತ್ತದೆ. ಮನೆಯಿಂದ ಕೆಲಸ ಮಾಡುವ ಹುಡುಗರು ನನ್ನ ಬಳಿ ಬಂದು ಕೇಳುವುದು ಒಂದೇ ಪ್ರಶ್ನೆ, "ಅಣ್ಣ, ಬೇರೆ ಅಡಾಪ್ಟರ್ ತರಿಸಲಾ?" ದುಡ್ಡು ಬಿಚ್ಚುವ ಮೊದಲು ಲಾಗ್ (ಯಂತ್ರ ತಾನೇ ಬರೆದಿಡುವ ದಿನಚರಿ) ಓದಿ ಎಂಬುದೇ ನನ್ನ ಉತ್ತರ. "ನೆಟ್ ಹೋಯಿತು" ಎಂಬುದರ ಹಿಂದೆ ಮೂರು ಬೇರೆ ಬೇರೆ ಕಾಯಿಲೆಗಳಿವೆ. ಒಂದರ ಮದ್ದು ಇನ್ನೊಂದಕ್ಕೆ ನಾಟುವುದಿಲ್ಲ.

ಲಾಗ್ ನೋಡುವುದು ಕಷ್ಟವೇನಲ್ಲ. ಡಿಮೆಸೇಜ್ ಆಜ್ಞೆಗೆ ದೊಡ್ಡಕ್ಷರದ ಟಿ ಆಯ್ಕೆ ಕೊಟ್ಟರೆ (dmesg -T) ಲಿನಕ್ಸಿನ ತಿರುಳಾದ ಕರ್ನೆಲ್‌ನ ಪ್ರತಿ ಸಾಲಿನ ಮುಂದೆ ಗಡಿಯಾರದ ಹೊತ್ತು ಬರುತ್ತದೆ. ನೆಟ್ ಹೋದ ಹೊತ್ತನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಂಡು ಆ ಹೊತ್ತಿನ ಸಾಲುಗಳನ್ನು ಹುಡುಕಿ. "ಯುಎಸ್‌ಬಿ ಡಿಸ್‌ಕನೆಕ್ಟ್, ಡಿವೈಸ್ ನಂಬರ್ ಇಂತಿಷ್ಟು" ಎಂದಿದ್ದರೆ ಅಡಾಪ್ಟರ್ ಇಡಿಯಾಗಿ ಮಾಯವಾಗಿದೆ. ಪೋರ್ಟ್, ವಿದ್ಯುತ್ ಅಥವಾ ಯುಎಸ್‌ಬಿ ತಂತಿಯನ್ನು ಶಂಕಿಸಬೇಕು. "ಕ್ಯಾರಿಯರ್ ಆಫ್" ಅಥವಾ "ಲಿಂಕ್ ಡೌನ್" ಎಂದಷ್ಟೇ ಇದ್ದರೆ ಅಡಾಪ್ಟರ್ ಜಾಗದಲ್ಲೇ ಇದೆ, ಓಎನ್‌ಟಿಗೆ ಹೋಗುವ ಲ್ಯಾನ್ ಕೇಬಲ್ಲಿನ ಕಡೆ ತೊಂದರೆ. "ಟ್ರಾನ್ಸ್‌ಮಿಟ್ ಕ್ಯೂ ಟೈಮ್ಡ್ ಔಟ್" ಎಂದಿದ್ದರೆ ಎರಡೂ ಸಂಪರ್ಕಗಳಿವೆ, ಆದರೆ ಚಿಪ್ ಮತ್ತು ಚಾಲಕ ತಂತ್ರಾಂಶದ ನಡುವೆ ಮಾತು ನಿಂತಿದೆ. ಏನೂ ಇಲ್ಲದಿದ್ದರೆ? ಆಗ ಅಡಾಪ್ಟರ್ ಬಹುಪಾಲು ನಿರಪರಾಧಿ. ಪಿಪಿಪಿಓಇ ಲಾಗಿನ್ (ಹೆಸರು, ಗುಪ್ತಪದ ಕೊಟ್ಟು ನೆಟ್ ಸೇರುವ ವಿಧಾನ), ಡಿಎನ್‌ಎಸ್ (ತಾಣದ ಹೆಸರಿನಿಂದ ಅದರ ವಿಳಾಸ ಹುಡುಕುವ ಸೇವೆ), ಅಥವಾ ಸೇವೆ ಕೊಡುವವರನ್ನೇ ವಿಚಾರಿಸಿಕೊಳ್ಳಿ.

ಮೊದಲ ಕಾಯಿಲೆಯೇ ಹೆಚ್ಚು ಕಾಣುವುದು. ಇಲ್ಲಿ ಎಲ್‌ಎಸ್‌ಯುಎಸ್‌ಬಿ ಆಜ್ಞೆಗೆ ಸಣ್ಣಕ್ಷರದ ಟಿ ಆಯ್ಕೆ ಸೇರಿಸಿ (lsusb -t) ನೋಡಿ. ಯಾವ ಪೋರ್ಟಿನಲ್ಲಿ ಯಾವ ಸಾಧನ, ಯಾವ ಚಾಲಕ, ಎಷ್ಟು ವೇಗ ಎಂಬುದೆಲ್ಲ ಮರದ ಆಕಾರದಲ್ಲಿ ಬರುತ್ತದೆ. ಸಾಲಿನ ಕೊನೆಯಲ್ಲಿ 5000ಎಂ ಎಂದಿದ್ದರೆ ಅದು ಯುಎಸ್‌ಬಿ 3, 480ಎಂ ಎಂದಿದ್ದರೆ ಯುಎಸ್‌ಬಿ 2. ಯುಎಸ್‌ಬಿ 3 ಪೋರ್ಟಿಗೆ ಹಾಕಿದ್ದೂ 480 ತೋರಿಸುತ್ತಿದ್ದರೆ ಕನೆಕ್ಟರಿನ ಒಳಗಿನ ಹೆಚ್ಚುವರಿ ಐದು ಸಂಪರ್ಕಗಳು ಸರಿಯಾಗಿ ಕೂತಿಲ್ಲ ಎಂದು ಗುಮಾನಿ ಪಡಬಹುದು. ಹಳೆಯ ಲ್ಯಾಪ್‌ಟಾಪಿನ ಪೋರ್ಟುಗಳು ಸಡಿಲವಾಗಿರುತ್ತವೆ. ಅದರ ಮೇಲೆ ದಪ್ಪ ಲ್ಯಾನ್ ಕೇಬಲ್ಲಿನ ಭಾರವೂ ಜೋತುಬಿದ್ದರೆ ಬಾಗಿಲು ಬಡಿದುಕೊಂಡರೂ ಸಾಕು, ಸಂಪರ್ಕ ತಪ್ಪುತ್ತದೆ. ಲ್ಯಾನ್ ಕೇಬಲ್ಲನ್ನು ಮೇಜಿನ ಕಾಲಿಗೆ ಕಟ್ಟಿ, ಭಾರ ಅಡಾಪ್ಟರಿನ ಮೇಲೆ ಬೀಳದಂತೆ ಮಾಡಿ. ಖರ್ಚು ಒಂದು ತುಂಡು ದಾರ.

ಇನ್ನು ನನ್ನ ಹಟದ ಮಾತೊಂದು. ನಿಮ್ಮ ಫೈಬರ್ ಯೋಜನೆ 100 ಅಥವಾ 200 ಎಂಬಿಪಿಎಸ್‌ನದಾದರೆ ಅಡಾಪ್ಟರನ್ನು ಯುಎಸ್‌ಬಿ 2 ಪೋರ್ಟಿಗೇ ಹಾಕಿ. ಕಾಗದದ ಮೇಲೆ 480 ಇದ್ದರೂ ಕೈಗೆ ಸಿಗುವುದು 300ರ ಆಸುಪಾಸು. ಅಷ್ಟು ಧಾರಾಳ ಸಾಕು. ಸೆಕೆಂಡಿಗೆ 5 ಗಿಗಾಬಿಟ್ ಸಾಗಿಸುವ ಯುಎಸ್‌ಬಿ 3 ಸಂಕೇತ ಕೇಬಲ್ಲಿನ ಸಣ್ಣ ದೋಷವನ್ನೂ ಸಹಿಸುವುದಿಲ್ಲ, ಯುಎಸ್‌ಬಿ 2 ಸಹಿಸಿಕೊಳ್ಳುತ್ತದೆ. ಇನ್ನೊಂದು ಲಾಭವೂ ಇದೆ. ಯುಎಸ್‌ಬಿ 3 ಹೊರಸೂಸುವ ವಿದ್ಯುತ್ಕಾಂತೀಯ ಗದ್ದಲ 2.4 ಗಿಗಾಹರ್ಟ್ಸ್ ವೈಫೈ ಇರುವ ಪಟ್ಟಿಯಲ್ಲೇ ಬೀಳುತ್ತದೆ. ಇಂಟೆಲ್ 2012ರಲ್ಲೇ ಇದರ ಬಗ್ಗೆ ಪ್ರಬಂಧವೊಂದನ್ನು ಹೊರತಂದಿತ್ತು. ಅದೇ ಲ್ಯಾಪ್‌ಟಾಪಿನಿಂದ ವೈಫೈ ಹಂಚುತ್ತಿರುವವರು ಬಯ್ಯುತ್ತಿರುವುದು ವೈಫೈಯನ್ನು, ಕಳ್ಳ ಕೂತಿರುವುದು ಪಕ್ಕದ ಪೋರ್ಟಿನಲ್ಲಿ.

ವಿದ್ಯುತ್ತಿನ ವಿಷಯ. ಯುಎಸ್‌ಬಿ 2 ಪೋರ್ಟ್ 500 ಮಿಲಿಆಂಪಿಯರ್, ಯುಎಸ್‌ಬಿ 3 ಪೋರ್ಟ್ 900 ಮಿಲಿಆಂಪಿಯರ್ ಕೊಡಬೇಕೆಂಬುದು ನಿಯಮ. ಅಡಾಪ್ಟರ್ ಒಂದೇ ಇದ್ದರೆ ಯಾವುದಾದರೂ ಸಾಕು. ಆದರೆ ಹೊರಗಿನ ಹಾರ್ಡ್ ಡಿಸ್ಕ್ ಮತ್ತು ಅಡಾಪ್ಟರನ್ನು ಸ್ವಂತ ವಿದ್ಯುತ್ತಿಲ್ಲದ ಒಂದೇ ಹಬ್ಬಿಗೆ ಸಿಕ್ಕಿಸಿದರೆ ಡಿಸ್ಕ್ ತಿರುಗಲು ತೊಡಗಿದ ಕ್ಷಣ ಅಡಾಪ್ಟರ್ ಬೀಳುತ್ತದೆ. ಲ್ಯಾಪ್‌ಟಾಪಿನ ಬದಲು ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಇಟ್ಟುಕೊಂಡವರು ಇನ್ನೂ ಎಚ್ಚರವಾಗಿರಬೇಕು: ಅದರ ನಾಲ್ಕೂ ಯುಎಸ್‌ಬಿ ಪೋರ್ಟುಗಳಿಗೆ ಸೇರಿ 1.2 ಆಂಪಿಯರ್ ಮಾತ್ರ. ಮೊಬೈಲ್ ಚಾರ್ಜರಿನಲ್ಲಿ ಅದನ್ನು ಓಡಿಸುತ್ತಿದ್ದರೆ ಲಾಗ್‌ನಲ್ಲಿ "ಅಂಡರ್‌ವೋಲ್ಟೇಜ್ ಡಿಟೆಕ್ಟೆಡ್" ಎಂಬ ಸಾಲು ಇದೆಯೇ ನೋಡಿ. ಇದ್ದರೆ ಮುಂದೆ ಓದುವುದೇ ಬೇಡ, 5.1 ವೋಲ್ಟ್ 3 ಆಂಪಿಯರಿನ ಸರಿಯಾದ ಚಾರ್ಜರ್ ತನ್ನಿ.

ಲ್ಯಾಪ್‌ಟಾಪಿಗೇ ಅಂಟಿಕೊಂಡ ಪೀಡೆಯೆಂದರೆ ವಿದ್ಯುತ್ ಉಳಿಸುವ ಚಾಳಿ. ಯುಎಸ್‌ಬಿ ಸಾಧನ ಸುಮ್ಮನಿದ್ದರೆ ಅದನ್ನು ಮಲಗಿಸುವ ವ್ಯವಸ್ಥೆಗೆ ಆಟೋಸಸ್ಪೆಂಡ್ ಎನ್ನುತ್ತಾರೆ. ಟಿಎಲ್‌ಪಿ, ಪವರ್‌ಟಾಪ್‌ನಂತಹ ತಂತ್ರಾಂಶ ಹಿಂದೆಂದೋ ಹಾಕಿದ್ದು ಹಾಗೇ ಉಳಿದಿದ್ದರೆ ಅದು ಅಡಾಪ್ಟರನ್ನೂ ಮಲಗಿಸಬಹುದು. ಕೆಲವು ಅಡಾಪ್ಟರುಗಳು ಮಲಗಿದ ಮೇಲೆ ನೆಟ್ಟಗೆ ಏಳುವುದೇ ಇಲ್ಲ. ರಾತ್ರಿ ಎಲ್ಲರೂ ಮಲಗಿದ ಮೇಲೆ, ಅಥವಾ ಕರೆಂಟು ಹೋಗಿ ಬ್ಯಾಟರಿಗೆ ತಿರುಗಿದ ತಕ್ಷಣ ನೆಟ್ ಹೋಗುತ್ತಿದೆ ಎಂದರೆ ಮೊದಲು ಇದನ್ನೇ ಹಿಡಿಯಿರಿ. ಸಿಸ್ (/sys) ಕಡತಕೋಶದೊಳಗೆ ಆ ಸಾಧನದ ಪವರ್ ಎಂಬ ಕೋಶವಿದೆ, ಅದರಲ್ಲಿ ಕಂಟ್ರೋಲ್ ಎಂಬ ಕಡತ. ಅಲ್ಲಿ "ಆಟೋ" ಎಂದಿದ್ದರೆ "ಆನ್" ಎಂದು ಬರೆಯಿರಿ. ಮರುಪ್ರಾರಂಭದ ನಂತರವೂ ಅದು ಉಳಿಯಬೇಕಾದರೆ ಸಾಧನ ಸಿಕ್ಕಿಸಿದಾಗ ತಾನೇ ಜಾರಿಯಾಗುವ ಯುಡೆವ್ ನಿಯಮವೊಂದನ್ನು ಹಾಕಬೇಕು. ಟಿಎಲ್‌ಪಿ ಬೇಕೇ ಬೇಕು ಎನ್ನುವವರು ಅದರ ಡಿನೈಲಿಸ್ಟ್‌ಗೆ (ಮುಟ್ಟಬಾರದ ಸಾಧನಗಳ ಪಟ್ಟಿ) ಅಡಾಪ್ಟರಿನ ಗುರುತುಸಂಖ್ಯೆ ಸೇರಿಸಬಹುದು. ರೂಟರ್ ಆಗಿ ಕೂತ ಯಂತ್ರಕ್ಕೆ ಟಿಎಲ್‌ಪಿ ಏಕೆ ಎಂಬುದು ನನಗಂತೂ ಅರ್ಥವಾಗಿಲ್ಲ. ಮುಚ್ಚಳ ಮುಚ್ಚಿದರೆ ಯಂತ್ರವೇ ಮಲಗದಂತೆ ಲಾಗಿನ್‌ಡಿ ಸಂರಚನೆಯಲ್ಲಿ (logind.conf) ಹ್ಯಾಂಡಲ್‌ಲಿಡ್‌ಸ್ವಿಚ್ ಎಂಬುದನ್ನು "ಇಗ್ನೋರ್" ಮಾಡಿರಬೇಕೆಂಬುದು ಹೇಳಬೇಕಾಗಿಲ್ಲ ಅಂದುಕೊಳ್ಳುತ್ತೇನೆ.

ಎರಡನೆಯ ಕಾಯಿಲೆ, ಅಂದರೆ ಲಿಂಕ್ ಬೀಳುವುದು. ನಮ್ಮಲ್ಲಿ ಇದಕ್ಕೆ ಮುಖ್ಯ ಕಾರಣ ಥಂಡಿ. ಕೇಬಲ್ಲಿನ ಆರ್‌ಜೆ45 ತುದಿಯನ್ನು ಬಿಸಿಲಿಗೆ ಹಿಡಿದು ನೋಡಿ: ಎಂಟು ಹಿತ್ತಾಳೆ ಬಣ್ಣದ ಹಲ್ಲುಗಳಲ್ಲಿ ಒಂದೆರಡರ ಬುಡದಲ್ಲಿ ಹಸಿರು ಕಿಲುಬು ಕಾಣಿಸಿದರೆ ಆ ತುದಿಯನ್ನು ಕತ್ತರಿಸಿ ಹೊಸದು ಹಾಕಿಸಿ. ಗಿಗಾಬಿಟ್‌ಗೆ ನಾಲ್ಕೂ ಜೊತೆ ತಂತಿಗಳು ಬೇಕು, 100 ಎಂಬಿಪಿಎಸ್‌ಗೆ ಎರಡೇ ಜೊತೆ ಸಾಕು. ಹಾಗಾಗಿ ಎಥ್‌ಟೂಲ್ (ethtool) ಆಜ್ಞೆ ತೋರಿಸುವ ವೇಗ 1000ದಿಂದ 100ಕ್ಕೆ ಇಳಿದಿದ್ದರೆ ಒಂದು ಜೊತೆ ಕೆಟ್ಟಿದೆ ಎಂದೇ ಲೆಕ್ಕ. ಕೇಬಲ್ ಹೊಸದಾಗಿದ್ದೂ ಲಿಂಕ್ ಹತ್ತಿ ಇಳಿದು ಮಾಡುತ್ತಿದ್ದರೆ ಇಇಇ ಎಂಬ ಇಂಧನ ಉಳಿತಾಯದ ಸೌಲಭ್ಯವನ್ನು ಎಥ್‌ಟೂಲ್‌ನಿಂದಲೇ ನಿಲ್ಲಿಸಿ ನೋಡಿ. ಕೆಲವು ಅಡಾಪ್ಟರ್ ಮತ್ತು ಓಎನ್‌ಟಿ ಜೋಡಿಗಳಿಗೆ ಅದು ಒಗ್ಗುವುದಿಲ್ಲ.

ಮೂರನೆಯದಕ್ಕೆ, ಅಂದರೆ ಟೈಮ್ಡ್ ಔಟ್‌ಗೆ, ಚಾಲಕ ಯಾವುದೆಂದು ತಿಳಿಯಬೇಕು. ಅಡಾಪ್ಟರಿನೊಳಗಿನ ಆರ್‌ಟಿಎಲ್8153 ಚಿಪ್ಪಿಗೆ ಆರ್8152 ಎಂಬ ಚಾಲಕವಿದೆ, ಎಎಕ್ಸ್88179ಕ್ಕೆ ಅದೇ ಹೆಸರಿನದು. ಎಲ್‌ಎಸ್‌ಯುಎಸ್‌ಬಿ ಮರದಲ್ಲಿ ಇವುಗಳ ಬದಲು ಸಿಡಿಸಿ ಎಂದು ಶುರುವಾಗುವ ಹೆಸರು ಕಂಡರೆ ಸಾಮಾನ್ಯ ಚಾಲಕವೊಂದು ಕೆಲಸ ನಡೆಸಿಕೊಂಡು ಹೋಗುತ್ತಿದೆ ಎಂದರ್ಥ. ಡೆಬಿಯನ್ ಬದಲು ಓಪನ್‌ಡಬ್ಲ್ಯುಆರ್‌ಟಿ ಎಂಬ ರೂಟರ್ ಲಿನಕ್ಸ್ ಬಳಸುವವರಿಗೆ ಚಿಪ್ಪಿನದೇ ಚಾಲಕದ ಪ್ಯಾಕೇಜ್ ಬೇರೆಯಾಗಿ ಸಿಗುತ್ತದೆ, ಹಾಕಿಕೊಳ್ಳಿ. ಆಮೇಲೂ ಟೈಮ್ಡ್ ಔಟ್ ಬಂದರೆ ಟಿಎಸ್‌ಓ ಮತ್ತು ಜಿಎಸ್‌ಓ ಆಫ್‌ಲೋಡ್‌ಗಳನ್ನು (ದತ್ತಾಂಶ ತುಂಡರಿಸುವ ಹೊರೆಯನ್ನು ಪ್ರೊಸೆಸರಿಗೆ ಹಗುರ ಮಾಡುವ ಸೌಲಭ್ಯಗಳು) ಎಥ್‌ಟೂಲ್‌ನಿಂದ ನಿಲ್ಲಿಸಿ. ಪ್ರೊಸೆಸರಿಗೆ ಸ್ವಲ್ಪ ಹೊರೆ ಹೆಚ್ಚುತ್ತದೆ, ಹಳೆಯ ಲ್ಯಾಪ್‌ಟಾಪಿಗೂ ಅದೇನು ದೊಡ್ಡದಲ್ಲ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಪ್ರತಿ ಸಲವೂ ಇನ್ನೊಂದು ಕಂಪ್ಯೂಟರನ್ನು ಅಡಾಪ್ಟರಿಗೆ ನೇರ ಜೋಡಿಸಿ ಜಾಲದ ವೇಗ ಅಳೆಯುವ ಐಪರ್ಫ್3 ಅನ್ನು ಎರಡೂ ದಿಕ್ಕಿಗೆ ಗಂಟೆಗಟ್ಟಲೆ ಓಡಿಸಿ. ಐದು ನಿಮಿಷದ ಪರೀಕ್ಷೆ ಏನನ್ನೂ ಹೇಳುವುದಿಲ್ಲ; ಪುಟ್ಟ ಪ್ಲಾಸ್ಟಿಕ್ ಡಬ್ಬಿಯೊಳಗಿನ ಚಿಪ್ ಕಾಯಲು ಅದಕ್ಕಿಂತ ಹೊತ್ತು ಬೇಕು.

ಇನ್ನೊಂದು ವಿಚಿತ್ರವಿದೆ. ಲಾಗ್ ಪ್ರಕಾರ ಅಡಾಪ್ಟರ್ ಎರಡೇ ಸೆಕೆಂಡಿನಲ್ಲಿ ಬಿದ್ದು ಎದ್ದಿದೆ, ಐಪಿ ವಿಳಾಸವೂ ಬಂದಿದೆ, ರೂಟರಿನಿಂದ ಪಿಂಗ್ ಹೋಗುತ್ತದೆ. ಮನೆಯ ಮಿಕ್ಕವರಿಗೆ ಮಾತ್ರ ನೆಟ್ ಇಲ್ಲ. ಲಿನಕ್ಸಿನ ಫೈರ್‌ವಾಲ್ ಆದ ಎನ್‌ಎಫ್‌ಟೇಬಲ್ಸ್ ನಿಯಮಗಳನ್ನು ತೆರೆದು ನೋಡಿ. ಒಳಬರುವ, ಹೊರಹೋಗುವ ಪೋರ್ಟಿಗೆ ಐಐಎಫ್, ಓಐಎಫ್ ಎಂದು ಬರೆದಿದ್ದರೆ ನಿಯಮ ಸೇರಿಸುವ ಹೊತ್ತಿಗೆ ಆ ಪೋರ್ಟಿಗಿದ್ದ ಕ್ರಮಸಂಖ್ಯೆಗೆ ಅದು ಅಂಟಿಕೊಳ್ಳುತ್ತದೆ. ಅಡಾಪ್ಟರ್ ಎದ್ದು ಬಂದಾಗ ಹೆಸರು ಹಳೆಯದೇ ಆದರೂ ಸಂಖ್ಯೆ ಹೊಸದು, ಹಳೆಯ ನಿಯಮಕ್ಕೆ ಅದರ ಗುರುತೇ ಹತ್ತುವುದಿಲ್ಲ. ಐಐಎಫ್‌ನೇಮ್, ಓಐಎಫ್‌ನೇಮ್ ಎಂದು ಬದಲಿಸಿ. ಅವು ಹೆಸರನ್ನೇ ಹೋಲಿಸುತ್ತವೆ. ಹೆಸರೂ ಬದಲಾಗದಿರಲು ಅಡಾಪ್ಟರಿನ ಮ್ಯಾಕ್ ವಿಳಾಸಕ್ಕೆ ಒಂದು ಹೆಸರನ್ನು ಸಿಸ್ಟಂಡಿಯ ಲಿಂಕ್ ಕಡತದಲ್ಲಿ ಖಾಯಂ ಮಾಡಿ. ಪಿಪಿಪಿಓಇ ಇರುವವರು ಆ ಲಾಗಿನ್ ನಡೆಸುವ ಪಿಪಿಪಿಡಿಯ ಸಂರಚನೆಯಲ್ಲಿ ಪರ್ಸಿಸ್ಟ್ ಜೊತೆಗೆ ಮ್ಯಾಕ್ಸ್‌ಫೇಲ್ 0 ಎಂದೂ ಹಾಕಬೇಕು. ಇಲ್ಲದಿದ್ದರೆ ಸತತ ಹತ್ತು ಸಲ ಸೋತ ಮೇಲೆ ಅದು ಕೈಚೆಲ್ಲಿ ಕೂರುತ್ತದೆ.

ಅಡಾಪ್ಟರನ್ನು ಯಾವಾಗಲೂ ಓಎನ್‌ಟಿ ಕಡೆಗೇ ಇಡಿ, ಲ್ಯಾಪ್‌ಟಾಪಿನ ಸ್ವಂತ ಪೋರ್ಟು ಮನೆಯ ಕಡೆಗಿರಲಿ. ಅಡಾಪ್ಟರ್ ಬಿದ್ದರೂ ನೀವು ಇನ್ನೊಂದು ಕೋಣೆಯಿಂದ ಎಸ್‌ಎಸ್‌ಎಚ್ ಮೂಲಕ ರೂಟರ್ ಒಳಗೆ ಹೋಗಿ ಲಾಗ್ ನೋಡಬಹುದು.

ಇಷ್ಟೆಲ್ಲ ಮಾಡಿದರೂ ಬಗ್ಗದಿದ್ದರೆ ಆಗ ಬೇರೆ ಅಡಾಪ್ಟರ್ ತರಿಸಿ. ನಾನಾದರೆ ಆ ದುಡ್ಡಿಗೆ ಇನ್ನಷ್ಟು ಸೇರಿಸಿ ವಿಲ್ಯಾನ್ (ಒಂದೇ ತಂತಿಯಲ್ಲಿ ಬೇರೆ ಬೇರೆ ಜಾಲಗಳನ್ನು ಸಂಖ್ಯೆಯ ಟ್ಯಾಗ್ ಹಚ್ಚಿ ಸಾಗಿಸುವ ವ್ಯವಸ್ಥೆ) ಬರುವ ಐದು ಪೋರ್ಟಿನ ಸ್ವಿಚ್ ತರುತ್ತೇನೆ. ಓಎನ್‌ಟಿ ಇರುವ ಪೋರ್ಟನ್ನು ಟ್ಯಾಗ್ ಇಲ್ಲದ ವಿಲ್ಯಾನ್ 10ಕ್ಕೆ, ಮನೆಯ ಪೋರ್ಟುಗಳನ್ನು ಟ್ಯಾಗ್ ಇಲ್ಲದ 20ಕ್ಕೆ ಹಾಕಿ, ಲ್ಯಾಪ್‌ಟಾಪ್ ಇರುವ ಪೋರ್ಟಿಗೆ ಎರಡನ್ನೂ ಟ್ಯಾಗ್ ಸಹಿತ ಕೊಟ್ಟರೆ ಸ್ವಂತ ಪೋರ್ಟ್ ಒಂದರಲ್ಲೇ ಎರಡೂ ಕಡೆ ಸಾಗುತ್ತದೆ. ಟ್ಯಾಗ್ ಇಲ್ಲದ ಪ್ರತಿ ಪೋರ್ಟಿನ ಪಿವಿಐಡಿಯನ್ನೂ (ಟ್ಯಾಗ್ ಇಲ್ಲದೆ ಬಂದದ್ದು ಯಾವ ವಿಲ್ಯಾನ್‌ಗೆ ಸೇರಬೇಕೆಂಬ ಸಂಖ್ಯೆ) ಅದರ ವಿಲ್ಯಾನ್ ಸಂಖ್ಯೆಗೇ ಬದಲಿಸಲು, ಓಎನ್‌ಟಿ ಪೋರ್ಟನ್ನು ವಿಲ್ಯಾನ್ 1ರಿಂದ ತೆಗೆಯಲು ಮರೆಯಬೇಡಿ. ಯುಎಸ್‌ಬಿಯ ಹಂಗೇ ಇರುವುದಿಲ್ಲ.